ಪರಿಸರ ವಿಜ್ಞಾನದ ಜೊತೆ ಇನ್ನೇನು ಓದಬೇಕು?

ಪರಿಸರ ವಿಜ್ಞಾನ ಪದವಿಯ ಬಗ್ಗೆ ಉತ್ತರ ಕನ್ನಡದ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ, ಪಿಸಿಎಂಬಿ. ನೀಟ್ ಬೇಡ, ಪರಿಸರ ವಿಜ್ಞಾನ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. "ಅದು ಎಲ್ಲ ಡಿಗ್ರಿಗೂ ಇರುವ ಕಡ್ಡಾಯ ಪೇಪರ್ ಅಲ್ಲವೇ, ಅದನ್ನೇ ಓದಿ ಏನು ಕೆಲಸ ಸಿಗುತ್ತದೆ" ಎನ್ನುತ್ತಾರೆ ನೆಂಟರು. ನನಗೂ ಅಳುಕು. ಏನು ಮಾಡಲಿ?
(ಒಬ್ಬ ತಂದೆ, ಅಂಕೋಲಾ)

ಉತ್ತರ: ನೆಂಟರು ಹೇಳುವ ಪೇಪರ್ ಬೇರೆ, ಮಗಳು ಕೇಳುತ್ತಿರುವ ಪದವಿ ಬೇರೆ. ಪರಿಸರ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ನಿರ್ದೇಶನದ ಫಲವಾಗಿ ಬಿಎ, ಬಿಕಾಂ ಓದುವವರಿಗೂ ಪರಿಸರ ಅಧ್ಯಯನ ಕಡ್ಡಾಯವಾಯಿತು. ಅದು ಒಂದು ಸೆಮಿಸ್ಟರಿನ ಪರಿಚಯ, ಅಷ್ಟೇ. ಬಿಎಸ್‌ಸಿಯಲ್ಲಿ ಮುಖ್ಯ ವಿಷಯವಾಗಿ ಓದುವ ಪರಿಸರ ವಿಜ್ಞಾನದಲ್ಲಿ ನೀರು, ಗಾಳಿ, ಮಣ್ಣಿನ ರಸಾಯನ, ಜೀವಿಪರಿಸರ, ಭೂವಿಜ್ಞಾನದ ಒಂದಂಶ, ಸಂಖ್ಯಾಶಾಸ್ತ್ರ, ತ್ಯಾಜ್ಯ ಸಂಸ್ಕರಣೆ ಎಲ್ಲ ಬರುತ್ತವೆ. ಜಲ ಕಾಯ್ದೆ (1974), ವಾಯು ಕಾಯ್ದೆ (1981), ಪರಿಸರ ಸಂರಕ್ಷಣಾ ಕಾಯ್ದೆ (1986) ಓದಲೇಬೇಕು. ವಾರಕ್ಕೊಮ್ಮೆಯಾದರೂ ಪ್ರಯೋಗಾಲಯದ ಕೆಲಸ ಇರುತ್ತದೆ.

ಇನ್ನು ಕೆಲಸದ ಮಾತು. ನಿಮ್ಮ ಅಳುಕಿನಲ್ಲಿ ಅರ್ಧ ಸತ್ಯ ಇದೆ, ಮುಚ್ಚಿಡುವುದಿಲ್ಲ. ಬರೀ "ಪರಿಸರ ವಿಜ್ಞಾನ ಪದವೀಧರೆ" ಎಂಬ ಹೆಸರಿಗೆ ಬಾಗಿಲು ತೆರೆಯುವ ಹುದ್ದೆಗಳು ಕಡಿಮೆ. ಆದರೆ ಅದರ ಜೊತೆಗೆ ಒಂದು ಮೂಲ ವಿಜ್ಞಾನ ಗಟ್ಟಿಯಾಗಿದ್ದರೆ ಲೆಕ್ಕವೇ ಬೇರೆ. ನೀರು-ಗಾಳಿ ಪರೀಕ್ಷಿಸುವ ಲ್ಯಾಬುಗಳು ಮೊದಲು ಕೇಳುವುದು ರಸಾಯನಶಾಸ್ತ್ರ. ಪರಿಸರ ಪರಿಣಾಮದ ವರದಿ ಮಾಡುವ ಸಂಸ್ಥೆಗಳಿಗೆ ಗಿಡ-ಮರ, ಪ್ರಾಣಿ-ಪಕ್ಷಿ ಗುರುತಿಸುವವರು ಬೇಕು. ನಿಮ್ಮೂರಿನ ಪಕ್ಕದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಹೆದ್ದಾರಿಯ ಮೇಲೆ ಬಂತಲ್ಲ, ಅಂಥ ಇಳಿಜಾರನ್ನು ಓದಲು ಭೂವಿಜ್ಞಾನ ಬೇಕು.

ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ, ಮೂರು ಮುಖ್ಯ ವಿಷಯ ಎಂಬ ಕ್ರಮ ಬಂದಿದೆ. ಇದು ನಿಮ್ಮ ಮಗಳಿಗೆ ಅನುಕೂಲವೇ. ನಮ್ಮ ಸಲಹೆ: ರಸಾಯನಶಾಸ್ತ್ರ, ಪರಿಸರ ವಿಜ್ಞಾನ, ಮೂರನೆಯದಾಗಿ ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರ. ರಸಾಯನಶಾಸ್ತ್ರ ಕಷ್ಟ ಎಂದು ಬಿಡಬೇಡಿ. ಮುಂದೆ ಉಳಿದ ಎರಡನ್ನೂ ಎತ್ತಿ ಹಿಡಿಯುವುದು ಅದೇ.

ಇದರಲ್ಲಿ ತುಂಬ ಜನ ಎಡವುವ ಜಾಗ ಒಂದಿದೆ. ಯುಪಿಎಸ್‌ಸಿ ನಡೆಸುವ ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಕೂರಲು ಪದವಿಯಲ್ಲಿ ಪಶುಸಂಗೋಪನೆ ಮತ್ತು ಪಶುವೈದ್ಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ ಇವುಗಳಲ್ಲಿ ಒಂದಾದರೂ ಇರಬೇಕು. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಆಗಿರಬೇಕು. ಪಟ್ಟಿಯಲ್ಲಿ ಪರಿಸರ ವಿಜ್ಞಾನದ ಹೆಸರಿಲ್ಲ, ಐಚ್ಛಿಕ ವಿಷಯಗಳಲ್ಲೂ ಇಲ್ಲ. ಅದೊಂದನ್ನೇ ಓದಿ ಕಡೆಯ ವರ್ಷದಲ್ಲಿ ಈ ನಿಯಮ ಕಂಡು ಕಣ್ಣೀರು ಹಾಕುವುದಕ್ಕಿಂತ ಈಗಲೇ ಗುಂಪು ಸರಿಯಾಗಿ ಆರಿಸಿಕೊಳ್ಳುವುದು ಲೇಸು.

ಪರಿಸರ ವಿಜ್ಞಾನ ಎಲ್ಲ ಪದವಿ ಕಾಲೇಜಿನಲ್ಲೂ ಸಿಗುವುದಿಲ್ಲ. ಸಿಕ್ಕ ಕಡೆ ಪ್ರಾಸ್ಪೆಕ್ಟಸ್ ನಂಬಿ ಹಣ ಕಟ್ಟಬೇಡಿ. ಮಗಳನ್ನು ಕರೆದುಕೊಂಡು ಹೋಗಿ ಮೂರು ವಿಷಯ ವಿಚಾರಿಸಿ. ಆ ವಿಷಯಕ್ಕೆಂದೇ ನೇಮಕವಾದ ಅಧ್ಯಾಪಕರು ಇದ್ದಾರೆಯೇ, ಅಥವಾ ಸಸ್ಯಶಾಸ್ತ್ರದವರೇ ಅದನ್ನೂ ಸುಧಾರಿಸುತ್ತಿದ್ದಾರೆಯೇ? ಬಿಒಡಿ (ನೀರಿನ ಕೊಳೆ ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಅಳೆಯುವ ಇನ್‌ಕ್ಯುಬೇಟರ್ ಓಡುತ್ತಿದೆಯೇ, ಕರೆಂಟ್ ಹೋದರೆ ಅದಕ್ಕೆ ಬ್ಯಾಕಪ್ ಇದೆಯೇ? ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಕರೆಂಟ್ ಇರುವುದೇ ಅನುಮಾನ; ಮೂರು ದಿನ ಒಂದೇ ಉಷ್ಣತೆಯಲ್ಲಿ ಇರಬೇಕಾದ ಬಾಟಲಿ ಆಗ ಕೆಟ್ಟಂತೆಯೇ. ಮೂರನೆಯದು, ಹೋದ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿ ತೋರಿಸಲು ಹೇಳಿ. ಅದರಲ್ಲಿ ಅವರೇ ಅಳೆದ ಅಂಕಿಗಳಿದ್ದರೆ ವಿಭಾಗ ಜೀವಂತ ಇದೆ ಎಂದು ತಿಳಿಯಿರಿ.

ಹತ್ತಿರದಲ್ಲಿ ಈ ವಿಷಯ ಸಿಗದಿದ್ದರೆ ದೂರದ ಊರಿಗೆ ಕಳಿಸಲೇಬೇಕೆಂದಿಲ್ಲ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಹಳೆಯ ಸಿಬಿಜೆಡ್ ಗುಂಪನ್ನೇ ಮನೆಯಿಂದ ಓಡಾಡಿ ಓದಲಿ. ಪರಿಸರ ವಿಜ್ಞಾನವನ್ನು ಎಂಎಸ್‌ಸಿಯಲ್ಲಿ ಹಿಡಿಯಲಿ. ಕುವೆಂಪು, ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ವಿಭಾಗಗಳಿವೆ. ಪ್ರಾಣಿಶಾಸ್ತ್ರದ ತಳಹದಿ ಇದ್ದು ಸಮುದ್ರದ ಕಡೆ ಒಲವಾದರೆ ಕಾರವಾರದ ಕೋಡಿಬಾಗದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಅಧ್ಯಾಪಕಿಯಾಗಬೇಕೆಂದರೆ ಯುಜಿಸಿ ನೆಟ್‌ನಲ್ಲಿ ಪರಿಸರ ವಿಜ್ಞಾನ ಪ್ರತ್ಯೇಕ ವಿಷಯ. ಗೇಟ್ ಪರೀಕ್ಷೆಯಲ್ಲೂ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಎಂಬ ಪತ್ರಿಕೆ ಸೇರಿದೆ.

ಪ್ರಶ್ನೆ: ಶಿರಸಿಯಲ್ಲೇ ಫಾರೆಸ್ಟ್ರಿ ಕಾಲೇಜು ಇರುವಾಗ ಪರಿಸರ ವಿಜ್ಞಾನಕ್ಕೆ ಹೋಗುವುದು ದಡ್ಡತನವೇ? ನಮ್ಮದು ಅಡಿಕೆ ತೋಟದ ಮನೆ.
(ಪಿಯು ವಿದ್ಯಾರ್ಥಿ, ಶಿರಸಿ)

ಉತ್ತರ: ಎರಡರ ಗುರಿಯೇ ಬೇರೆ. ಶಿರಸಿಯ ಅರಣ್ಯ ಮಹಾವಿದ್ಯಾಲಯ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಲ್ಲಿಯದು ನಾಲ್ಕು ವರ್ಷದ ವೃತ್ತಿಪರ ಪದವಿ. ನರ್ಸರಿ, ನೆಡುತೋಪು, ಮರದ ಅಳತೆ, ಮರಮಟ್ಟಿನ ಗುಣ, ಕೃಷಿ ಅರಣ್ಯ ಇವು ಅದರ ಜೀವಾಳ. ಕಾಡನ್ನು ಬೆಳೆಸಿ ನಿರ್ವಹಿಸುವ ಓದು ಅದು. ಪರಿಸರ ವಿಜ್ಞಾನದ ಹೆಚ್ಚಿನ ಪಾಲು ನೀರು, ಗಾಳಿ, ತ್ಯಾಜ್ಯದ ಸುತ್ತ. ಅರಣ್ಯ ಇಲಾಖೆಯೇ ಕನಸಾಗಿದ್ದರೆ ಫಾರೆಸ್ಟ್ರಿಯೇ ನೇರ ದಾರಿ, ಅದರಲ್ಲಿ ಎರಡು ಮಾತಿಲ್ಲ.

ಪ್ರವೇಶ ಕೆಸಿಇಟಿ ಮೂಲಕ. ಕೃಷಿಕರ ಮಕ್ಕಳಿಗೆ ಮೀಸಲು ಸೀಟುಗಳಿವೆ, ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಯೂ ಇದೆ. ಅರ್ಜಿ ತುಂಬುವಾಗಲೇ ಆ ಕೋಟಾವನ್ನು ಗುರುತು ಮಾಡಬೇಕು, ದಾಖಲೆ ಸಿದ್ಧ ಇರಬೇಕು. ತೋಟದ ಪಹಣಿ ಅಜ್ಜನ ಹೆಸರಲ್ಲೇ ಉಳಿದಿರುವ ಮನೆಗಳು ನಮ್ಮಲ್ಲಿ ಬಹಳ. ನಿಮ್ಮಲ್ಲೂ ಹಾಗಿದ್ದರೆ ಪರೀಕ್ಷೆಯ ಓದು ಶುರುವಾಗುವ ಮೊದಲೇ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ಏಪ್ರಿಲಿನಲ್ಲಿ ಓಡಾಡಿದರೆ ಆಗುವುದಿಲ್ಲ.

ಪ್ರಶ್ನೆ: ನಾನು ಪಿಯುಸಿಯಲ್ಲಿ ಕಲಾ ವಿಭಾಗ. ಬಿಎಸ್‌ಸಿ ಪರಿಸರ ವಿಜ್ಞಾನಕ್ಕೆ ಸೇರಬಹುದೇ?
(ವಿದ್ಯಾರ್ಥಿನಿ, ಭಟ್ಕಳ)

ಉತ್ತರ: ಬಿಎಸ್‌ಸಿಗೆ ಪಿಯುಸಿ ವಿಜ್ಞಾನ ಬೇಕು. ಆದರೆ ಬಿಎಯಲ್ಲಿ ಭೂಗೋಳ, ಅರ್ಥಶಾಸ್ತ್ರ ತೆಗೆದುಕೊಂಡು ನಕ್ಷೆಯ ಕೆಲಸ ಕಲಿತರೆ ಇದೇ ಕ್ಷೇತ್ರಕ್ಕೆ ಇನ್ನೊಂದು ಬಾಗಿಲಿನಿಂದ ಬರುತ್ತೀರಿ. ಮೀನುಗಾರರ ಕೇರಿಯಲ್ಲಿ, ಕಾಡಂಚಿನ ಊರಿನಲ್ಲಿ ಕೂತು ಜನರ ಜೊತೆ ಮಾತಾಡಿ ಮಾಹಿತಿ ತರಬಲ್ಲವರು ಪರಿಣಾಮ ಅಧ್ಯಯನದ ಪ್ರತಿ ತಂಡಕ್ಕೂ ಬೇಕು.

ಪ್ರಶ್ನೆ: ಅಘನಾಶಿನಿ ಅಳಿವೆಯ ನೀರಿನ ಮೇಲೆ ಆರನೇ ಸೆಮಿಸ್ಟರ್ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಪ್ರತಿ ಭಾನುವಾರ ಬೆಳಿಗ್ಗೆ 9ಕ್ಕೆ ಒಂದೇ ಜಾಗದಲ್ಲಿ ನೀರು ತುಂಬಿಕೊಂಡು ಸೋಮವಾರ ಕಾಲೇಜಿನಲ್ಲಿ ಪರೀಕ್ಷಿಸುತ್ತೇನೆ. ಕರಗಿದ ಆಮ್ಲಜನಕ ಒಂದು ವಾರ 11 ಬಂದರೆ ಇನ್ನೊಂದು ವಾರ 3. ಉಪ್ಪಿನಂಶವೂ ಒಂದು ವಾರ ಏರಿ ಮರುವಾರ ಇಳಿಯುತ್ತದೆ. ಸಿಒಡಿ (ಕೊಳೆಯನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕ) 2,000 ದಾಟಿದೆ. ಅಳಿವೆ ಅಷ್ಟೊಂದು ಮಲಿನವಾಗಿದೆಯೇ?
(ಬಿಎಸ್‌ಸಿ ವಿದ್ಯಾರ್ಥಿನಿ, ಕುಮಟಾ)

ಉತ್ತರ: ನೀರು ಹಾಗೆ ಕೆಟ್ಟಿಲ್ಲ. ತಪ್ಪಿರುವುದು ಅಳತೆ. ವರದಿ ಬರೆಯುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಅಘನಾಶಿನಿ ಅಳಿವೆ 2024ರಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿ ಸೇರಿದ ಜಾಗ, ಅದರ ಹೆಸರಲ್ಲಿ ತಪ್ಪು ಅಂಕಿ ಓಡಾಡಬಾರದು.

ಮೊದಲು ಉಪ್ಪಿನ ವಿಷಯ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಏಳು ದಿನಕ್ಕೆ 350 ನಿಮಿಷ, ಅಂದರೆ ಹತ್ತಿರ ಹತ್ತಿರ ಆರು ತಾಸು. ಉಬ್ಬರದಿಂದ ಇಳಿತಕ್ಕೆ ಇರುವ ಅಂತರವೂ ಆರು ತಾಸು ಚಿಲ್ಲರೆ. ಹಾಗಾಗಿ ಈ ಭಾನುವಾರ 9ಕ್ಕೆ ನೀವು ತುಂಬಿದ್ದು ಕಡಲಿನಿಂದ ಒಳಗೆ ಬಂದ ನೀರು, ಮುಂದಿನ ಭಾನುವಾರ 9ಕ್ಕೆ ಹೊಳೆಯಿಂದ ಇಳಿದ ನೀರು. ಗಡಿಯಾರ ನೋಡಿ ಹೋಗಬೇಡಿ, ಉಬ್ಬರ-ಇಳಿತದ ಪಟ್ಟಿ ನೋಡಿ ಹೋಗಿ. ಪ್ರತಿ ಸಲವೂ ಪೂರ್ಣ ಇಳಿತದ ಅರ್ಧ ತಾಸಿನೊಳಗೆ ತುಂಬಿ. ಸಾಧ್ಯವಾದರೆ ಅದೇ ದಿನ ಉಬ್ಬರದಲ್ಲೂ ಒಂದು. ಪುಸ್ತಕದಲ್ಲಿ ತಿಥಿಯನ್ನೂ ಬರೆದಿಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ದೊಡ್ಡದು, ಅಷ್ಟಮಿ ಹೊತ್ತಿಗೆ ಚಿಕ್ಕದು. ಬಳಚು (ಚಿಪ್ಪು) ಹೆಕ್ಕುವವರನ್ನು ಕೇಳಿದರೆ ನೀರು ಯಾವಾಗ ಇಳಿಯುತ್ತದೆಂದು ಪಟ್ಟಿಗಿಂತ ಚೆನ್ನಾಗಿ ಹೇಳುತ್ತಾರೆ. ಗಜನಿ (ಉಪ್ಪುನೀರಿನ ಗದ್ದೆ) ಕಟ್ಟೆಯ ಗೇಟಿನ ಬಾಯಲ್ಲಿ ನೀರು ತುಂಬಬೇಡಿ. ಗೇಟು ತೆಗೆದಾಗ ಒಂದು, ಮುಚ್ಚಿದಾಗ ಒಂದು ಬರುತ್ತದೆ.

ಎರಡನೆಯದು ಆಮ್ಲಜನಕ. 30 ಡಿಗ್ರಿಯಲ್ಲಿ ಸಿಹಿನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದು ಲೀಟರಿಗೆ ಸುಮಾರು 7.5 ಮಿ.ಗ್ರಾಂ, ಕಡಲ ನೀರು 6.2ರ ಆಸುಪಾಸು. ಮಧ್ಯಾಹ್ನ ಪಾಚಿ ಹೆಚ್ಚಿರುವ ಕಡೆ ಇದಕ್ಕಿಂತ ಮೇಲೆ ಹೋಗಬಹುದು, ಆದರೆ ಬೆಳಿಗ್ಗೆ 9ಕ್ಕೆ 11 ಬಂದರೆ ಬಾಟಲಿಯನ್ನೇ ಅನುಮಾನಿಸಿ. ಭಾನುವಾರದ ನೀರನ್ನು ಸೋಮವಾರ ಪರೀಕ್ಷಿಸಿದರೆ ದಾರಿಯ ಕುಲುಕಾಟದಲ್ಲಿ ಗಾಳಿ ಸೇರಿರುತ್ತದೆ, ಇಲ್ಲವೇ ರಾತ್ರಿಯಿಡೀ ಸೂಕ್ಷ್ಮಜೀವಿಗಳು ಇದ್ದ ಆಮ್ಲಜನಕವನ್ನು ತಿಂದಿರುತ್ತವೆ. ನಿಮ್ಮ 3ಕ್ಕೆ ಇದೇ ಕಾರಣ ಸಾಕು. ಬರೀ ಕುಲುಕಾಟದಿಂದ 11 ಬಾರದು; ಅದಕ್ಕೆ ಬಾಟಲಿಯಲ್ಲಿ ಉಳಿದ ಗಾಳಿಗುಳ್ಳೆ ಅಥವಾ ಮುಂದೆ ಹೇಳುವ ಹಳೆಯ ಥಯೋಸಲ್ಫೇಟ್ ಕಾರಣ ಇರಬಹುದು.

ಆಮ್ಲಜನಕವನ್ನು ದಡದಲ್ಲೇ ಕಟ್ಟಿಹಾಕಬೇಕು. 300 ಮಿ.ಲೀ. ಗಾಜಿನ ಬಾಟಲಿಯನ್ನು ನೀರಿನೊಳಗೇ ಮುಳುಗಿಸಿ, ಓರೆ ಹಿಡಿದು, ಗುಳುಗುಳು ಸದ್ದಾಗದಂತೆ ತುಂಬಿ, ಒಳಗೇ ಮುಚ್ಚಿ. ಮೇಲೆತ್ತಿ ಬೆಳಕಿಗೆ ಹಿಡಿದು ನೋಡಿ. ಕುತ್ತಿಗೆಯಲ್ಲಿ ಸಾಸಿವೆಯಷ್ಟು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ತುಂಬಿ. ಮುಚ್ಚಳ ತೆಗೆದು ಪಿಪೆಟ್ಟಿನ ತುದಿ ನೀರಿನೊಳಗೆ ಇಳಿಸಿ 2 ಮಿ.ಲೀ. ಮ್ಯಾಂಗನಸ್ ಸಲ್ಫೇಟ್, ಬೇರೆ ಪಿಪೆಟ್ಟಿನಿಂದ 2 ಮಿ.ಲೀ. ಕ್ಷಾರ-ಅಯೊಡೈಡ್-ಅಜೈಡ್ ಬಿಡಿ. ಮುಚ್ಚಿ, ಹದಿನೈದು ಸಲ ಬುಡಮೇಲು ಮಾಡಿ. ಆಮ್ಲಜನಕ ಇದ್ದರೆ ಕಂದು ಮೋಡ ಏಳುತ್ತದೆ, ಇಲ್ಲದಿದ್ದರೆ ಹಾಲಿನಂತೆ ಬಿಳಿ. ಮೋಡ ಅರ್ಧ ಬಾಟಲಿಗೆ ಇಳಿಯುವವರೆಗೆ ಕಾಯಿರಿ, ಮತ್ತೊಮ್ಮೆ ತಿರುವಿ, ಮತ್ತೆ ಇಳಿಯಲಿ. ಉಪ್ಪುನೀರಿನಲ್ಲಿ ಇದು ನಿಧಾನ, ಅವಸರ ಬೇಡ. ಆಮೇಲೆ 2 ಮಿ.ಲೀ. ಸಾಂದ್ರ ಸಲ್ಫ್ಯೂರಿಕ್ ಆಮ್ಲ, ಕನ್ನಡಕ ಹಾಕಿಕೊಂಡೇ. ಕಂದು ಕರಗಿ ಚಹಾದ ಡಿಕಾಕ್ಷನ್ ಬಣ್ಣದ ತಿಳಿ ದ್ರವವಾಗುತ್ತದೆ. ಇದನ್ನು ಬಿಸಿಲು ಬೀಳದಂತೆ ಬಟ್ಟೆ ಸುತ್ತಿ ಒಯ್ದು ಅದೇ ದಿನ ಟೈಟ್ರೇಶನ್ ಮುಗಿಸಿ. ಭಾನುವಾರ ಲ್ಯಾಬ್ ತೆರೆಯದಿದ್ದರೆ ನೀರು ತುಂಬುವ ದಿನವನ್ನೇ ಬದಲಿಸಿ.

ಲ್ಯಾಬಿನಲ್ಲಿ 203 ಮಿ.ಲೀ. ಅಳೆದುಕೊಳ್ಳಿ. ಹಾಕಿದ 4 ಮಿ.ಲೀ. ರಾಸಾಯನಿಕ ಅಷ್ಟೇ ನೀರನ್ನು ಹೊರದಬ್ಬಿದೆಯಲ್ಲ, ಅದಕ್ಕಾಗಿ ಆ ಮೇಲಿನ 3. 0.025 ನಾರ್ಮಲ್ ಥಯೋಸಲ್ಫೇಟ್ ಆಗ ಒಂದು ಮಿ.ಲೀ. ಖರ್ಚಾದರೆ ಲೀಟರಿಗೆ ಒಂದು ಮಿ.ಗ್ರಾಂ ಆಮ್ಲಜನಕ. ಬಣ್ಣ ಒಣ ಹುಲ್ಲಿನಷ್ಟು ತೆಳುವಾದ ಮೇಲೆಯೇ ಪಿಷ್ಟದ ದ್ರಾವಣ ಹಾಕಿ. ಮೊದಲೇ ಹಾಕಿದರೆ ಪಿಷ್ಟ ಅಯೊಡಿನನ್ನು ಬಿಗಿಯಾಗಿ ಹಿಡಿದು ಕೊನೆಯ ಬಿಂದು ಜಾರುತ್ತದೆ. ಥಯೋಸಲ್ಫೇಟನ್ನು ಪ್ರತಿ ಸಲ ಡೈಕ್ರೋಮೇಟಿನ ಎದುರು ಪರೀಕ್ಷಿಸಿ. ಹಳೆಯದು ಸತ್ವ ಕಳೆದುಕೊಂಡಿರುತ್ತದೆ, ಹೆಚ್ಚು ಖರ್ಚಾಗಿ ಆಮ್ಲಜನಕ ಸುಳ್ಳೇ ಏರಿದಂತೆ ಕಾಣುತ್ತದೆ. ಒಂದು ಜಾಗದಿಂದ ಮೂರು ಬಾಟಲಿ ತುಂಬಿ. ಮೂರರ ನಡುವೆ 0.2-0.3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕೈ ಇನ್ನೂ ಪಳಗಬೇಕು.

ಮೂರನೆಯದು ಸಿಒಡಿ, ನಿಮ್ಮನ್ನು ಹೆದರಿಸಿದ ಅಂಕಿ. ಡೈಕ್ರೋಮೇಟ್ ಕೊಳೆಯನ್ನಷ್ಟೇ ಅಲ್ಲ, ಉಪ್ಪಿನ ಕ್ಲೋರೈಡನ್ನೂ ಉತ್ಕರ್ಷಿಸುತ್ತದೆ. ಒಂದು ಮಿ.ಗ್ರಾಂ ಕ್ಲೋರೈಡ್ 0.226 ಮಿ.ಗ್ರಾಂ ಸಿಒಡಿಯಂತೆ ನಟಿಸುತ್ತದೆ. ಬೇಸಿಗೆಯ ಅಳಿವೆಯಲ್ಲಿ ಲೀಟರಿಗೆ 10,000 ಮಿ.ಗ್ರಾಂ ಕ್ಲೋರೈಡ್ ಇದ್ದರೆ ಕೊಳೆ ಚೂರೂ ಇಲ್ಲದೆ 2,260 ಬರುತ್ತದೆ! ಮರ್ಕ್ಯುರಿಕ್ ಸಲ್ಫೇಟ್ ಹಾಕಿ ತಡೆಯುವ ವಿಧಾನ 2,000 ಮಿ.ಗ್ರಾಂ ಕ್ಲೋರೈಡಿನವರೆಗೆ ಮಾತ್ರ ಕೆಲಸಕ್ಕೆ ಬರುತ್ತದೆ. ಅದು ಪಾದರಸ ಬೇರೆ. ಸಿಂಕಿಗೆ ಸುರಿದರೆ ನೀವು ಅಳೆಯಲು ಹೊರಟ ಅಳಿವೆಗೇ ಹೋಗಿ ಸೇರುತ್ತದೆ. ಬಳಸಿದ ದ್ರವವನ್ನು ಗುರುತು ಹಾಕಿದ ಕ್ಯಾನಿನಲ್ಲೇ ಕೂಡಿಡಿ. ನಿಮ್ಮ ಪ್ರಾಜೆಕ್ಟಿನಿಂದ ಸಿಒಡಿಯನ್ನು ಕೈಬಿಡಿ, ಬದಲಿಗೆ 27 ಡಿಗ್ರಿಯಲ್ಲಿ ಮೂರು ದಿನದ ಬಿಒಡಿ ಮಾಡಿ. "ಉಪ್ಪುನೀರಿನಲ್ಲಿ ಸಿಒಡಿ ಏಕೆ ಮಾಡಲಿಲ್ಲ" ಎಂದು ವರದಿಯಲ್ಲಿ ಅರ್ಧ ಪುಟ ಬರೆಯಿರಿ. ಪರೀಕ್ಷಕರು ಮೆಚ್ಚುವುದು ಆ ಅರ್ಧ ಪುಟವನ್ನೇ.

ಪ್ರಶ್ನೆ: ನಮ್ಮ ಸೊಪ್ಪಿನ ಬೆಟ್ಟಕ್ಕೂ (ತೋಟಕ್ಕೆ ಸೊಪ್ಪು ಕಡಿಯುವ ಕಾಡು) ಪಕ್ಕದ ಕಾನಿಗೂ (ದಟ್ಟ ಹಸಿರು ಕಾಡು) ಮರಗಳಲ್ಲಿ ಎಷ್ಟು ವ್ಯತ್ಯಾಸ ಇದೆ ಎಂದು ಅಳೆಯಬೇಕು. ಚೌಕ ಎಷ್ಟು ದೊಡ್ಡದು ಹಾಕಲಿ? ಬೆಟ್ಟದಲ್ಲಿ ಒಂದೇ ಬುಡದಿಂದ ಎರಡು ಮೂರು ಕಾಂಡ ಎದ್ದಿವೆ, ಅವನ್ನು ಹೇಗೆ ಲೆಕ್ಕ ಹಿಡಿಯಬೇಕು?
(ವಿದ್ಯಾರ್ಥಿ, ಸಿದ್ದಾಪುರ)

ಉತ್ತರ: ಚೆಂದದ ವಿಷಯ, ಮನೆಯ ಹಿತ್ತಿಲಲ್ಲೇ ಇದೆ. ಮರಗಳಿಗೆ 20 ಮೀಟರ್ ಚೌಕ, ಅದರೊಳಗೆ ಪೊದೆಗಳಿಗೆ 5 ಮೀಟರಿನ ಎರಡು, ಸಸಿ-ಹುಲ್ಲಿಗೆ 1 ಮೀಟರಿನ ನಾಲ್ಕು. ಬೆಟ್ಟದಲ್ಲಿ ಐದು, ಕಾನಿನಲ್ಲಿ ಐದು ಚೌಕ ಆದರೂ ಬೇಕು. ಎಲ್ಲಿ ಹಾಕಬೇಕೆಂದು ನಕ್ಷೆಯ ಮೇಲೆ ಚೀಟಿ ಎತ್ತಿ ಮೊದಲೇ ನಿರ್ಧರಿಸಿ. ಸ್ಥಳಕ್ಕೆ ಹೋಗಿ ಆರಿಸಿದರೆ ಕಾಲು ತಾನಾಗಿ ದಾರಿಯ ಬದಿಗೂ ದೊಡ್ಡ ಮರದ ಬುಡಕ್ಕೂ ಎಳೆಯುತ್ತದೆ.

ಸುತ್ತಳತೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ. ಇಳಿಜಾರಿನಲ್ಲಿ ಮೇಲ್ಬದಿಗೆ ನಿಂತು ಅಳೆಯಿರಿ. ಆನಿಕೆ ಬೇರು (ಬುಡದಿಂದ ಹಲಗೆಯಂತೆ ಚಾಚಿದ ಬೇರು) ಇರುವ ಮರವಾದರೆ ಅದು ಮುಗಿದ ಮೇಲಿನ ದುಂಡು ಭಾಗದಲ್ಲಿ.

ಹಲವು ಕಾಂಡದ ಮರದಲ್ಲಿ ಪ್ರತಿ ಕಾಂಡವನ್ನೂ ಬೇರೆ ಅಳೆಯಿರಿ, ಸುತ್ತಳತೆಗಳನ್ನು ಕೂಡಬೇಡಿ. ಒಂದು ಮತ್ತಿ ಮರಕ್ಕೆ 60 ಮತ್ತು 80 ಸೆಂ.ಮೀ. ಸುತ್ತಳತೆಯ ಎರಡು ಕಾಂಡ ಎಂದುಕೊಳ್ಳಿ. ಸುತ್ತಳತೆಯ ವರ್ಗವನ್ನು 12.57ರಿಂದ ಭಾಗಿಸಿದರೆ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ಬರುತ್ತದೆ: 286, 509, ಒಟ್ಟು 795 ಚದರ ಸೆಂ.ಮೀ. ಎರಡನ್ನೂ ಕೂಡಿ 140 ಎಂದು ಹಿಡಿದರೆ 1,559, ಅಂದರೆ ಹತ್ತಿರ ಹತ್ತಿರ ಇಮ್ಮಡಿ. ಸೊಪ್ಪು ಕಡಿದ ಬೆಟ್ಟದಲ್ಲಿ ಇಂಥ ಮರಗಳೇ ಹೆಚ್ಚು ಇರುವುದರಿಂದ ಈ ಒಂದು ತಪ್ಪಿನಿಂದ ಬೆಟ್ಟ ಕಾನಿಗಿಂತ ದಟ್ಟ ಎಂಬ ಫಲಿತಾಂಶ ಬಂದೀತು. ಮರದ ಸಂಖ್ಯೆ ಎಣಿಸುವಾಗ ಮಾತ್ರ ಒಂದು ಬುಡ ಒಂದೇ ಮರ.

ಹೆಸರು ಗೊತ್ತಿಲ್ಲದ ಮರಕ್ಕೆ ಊಹೆಯ ಹೆಸರು ಬರೆಯಬೇಡಿ. "ಗೊತ್ತಿಲ್ಲ 1" ಎಂದು ಬರೆದು ಎಲೆ ಜೋಡಣೆ, ತೊಗಟೆ, ಗೀರಿದಾಗ ಬರುವ ರಸ, ಇವುಗಳ ಫೋಟೋ ತೆಗೆದಿಡಿ. ಉಪ್ಪಾಗೆ, ಮುರುಗಲು ಎರಡಕ್ಕೂ ಹಳದಿ ಹಾಲು. ರಾಮಪತ್ರೆಯ ಜಾತಿಯವಕ್ಕೆ ಕೆಂಪು ರಸ. ಊರಿನ ಹಿರಿಯರು ಹೇಳುವ ಹೆಸರನ್ನು ತಪ್ಪದೆ ಬರೆದುಕೊಳ್ಳಿ, ವೈಜ್ಞಾನಿಕ ಹೆಸರಿಗೆ ಹೋಗುವ ದಾರಿ ಅದೇ.

ಪ್ರಶ್ನೆ: ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಕಾಳಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ತುಂಡೊಂದನ್ನು ಗೆರೆ ಎಳೆದು ವಿಸ್ತೀರ್ಣ ಕೇಳಿದರೆ 0.00003 ಎನ್ನುತ್ತದೆ. ಯಾಕೆ?
(ವಿದ್ಯಾರ್ಥಿ, ಕಾರವಾರ)

ಉತ್ತರ: ನಿಮ್ಮ ಪದರ ಅಕ್ಷಾಂಶ-ರೇಖಾಂಶದಲ್ಲಿದೆ, ಹಾಗಾಗಿ ಉತ್ತರ ಚದರ ಡಿಗ್ರಿಯಲ್ಲಿ ಬಂದಿದೆ. ಪದರವನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ ವಲಯ 43 ಉತ್ತರಕ್ಕೆ, ಅಂದರೆ ಇಪಿಎಸ್‌ಜಿ 32643ಕ್ಕೆ ಬದಲಿಸಿ ಹೊಸ ಫೈಲಾಗಿ ಉಳಿಸಿ, ಆಮೇಲೆ ಲೆಕ್ಕ ಹಾಕಿ. ಚದರ ಮೀಟರ್ ಬರುತ್ತದೆ, 10,000ದಿಂದ ಭಾಗಿಸಿದರೆ ಹೆಕ್ಟೇರ್. ಪದರದ ಗುಣಲಕ್ಷಣಕ್ಕೆ ಹೋಗಿ ಬರೀ ಹೆಸರು ಬದಲಿಸಬೇಡಿ. ಹಾಗೆ ಮಾಡಿದರೆ ಡಿಗ್ರಿಯನ್ನೇ ಮೀಟರ್ ಎಂದು ಓದಿಕೊಂಡು ನಿಮ್ಮ ಕಾಡು ಕಾರವಾರ ಬಿಟ್ಟು ಭೂಮಧ್ಯರೇಖೆಗೆ ಹೋಗಿ ಕೂರುತ್ತದೆ.

ಪ್ರಶ್ನೆ: ಪ್ರಾಜೆಕ್ಟಿಗಾಗಿ ಕಾಡಿನೊಳಗೆ ಹೋಗಲು ಅನುಮತಿ ಬೇಕೇ?
(ವಿದ್ಯಾರ್ಥಿನಿ, ಯಲ್ಲಾಪುರ)

ಉತ್ತರ: ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಬರಹದ ಅನುಮತಿ ಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶವಾದರೆ ನಿಯಮ ಇನ್ನೂ ಬಿಗಿ. ಪದವಿಯ ಪ್ರಾಜೆಕ್ಟಿಗೆ ಅದನ್ನು ಆರಿಸಿಕೊಳ್ಳದಿರುವುದೇ ಜಾಣತನ. ಮಾರ್ಗದರ್ಶಕರ ಸಹಿಯ ಪತ್ರದಲ್ಲಿ ಜಾಗ, ದಿನಾಂಕ, ಎಷ್ಟು ಜನ, ಏನನ್ನು ಅಳೆಯುತ್ತೀರಿ, ಏನನ್ನೂ ಕಿತ್ತು ತರುವುದಿಲ್ಲ ಎಂದು ಸ್ಪಷ್ಟವಾಗಿ ಬರೆದು ಎರಡು ತಿಂಗಳು ಮೊದಲೇ ಕೊಡಿ. ಸತ್ತ ಹಕ್ಕಿಯ ಗರಿ, ಕಪ್ಪೆ ಯಾವುದನ್ನೂ ಚೀಲಕ್ಕೆ ಹಾಕಬೇಡಿ, 1972ರ ವನ್ಯಜೀವಿ ಕಾಯ್ದೆ ವಿದ್ಯಾರ್ಥಿ ಎಂದು ವಿನಾಯಿತಿ ಕೊಡುವುದಿಲ್ಲ. ಅನುಮತಿ ಬರುವುದು ತಡವಾದರೆ ಊರಿನವರ ಒಪ್ಪಿಗೆ ಪಡೆದು ನಿಮ್ಮವರ ತೋಟದಂಚಿನಲ್ಲೇ ಚೌಕ ಹಾಕಿ ಅಭ್ಯಾಸ ಶುರು ಮಾಡಿ. ಮಳೆಗಾಲದಲ್ಲಿ ಹೋಗುವುದಾದರೆ ಉಂಬಳಕ್ಕೆ ಒತ್ತು ನೇಯ್ಗೆಯ ಉದ್ದ ಕಾಲುಚೀಲ, ಬರೆಯಲು ಪೆನ್ಸಿಲ್. ಪೆನ್ನಿನ ಶಾಯಿ ಹಾಳೆಯ ಮೇಲೆ ಉಳಿಯುವುದಿಲ್ಲ.